ಎತ್ತು ನಿಮ್ಮದು, ಮೇವು ನಮ್ಮದು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಆಮೇಲಷ್ಟೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ಅಮೆರಿಕದ ಬೇಸ್‌ಬಾಲ್ ತಂಡಗಳಲ್ಲಿ ಹಲ್ಲು ಎಣಿಸುವುದಕ್ಕೇ ಅಂಕಿಅಂಶ ಪಂಡಿತರ ದಂಡಿದೆ. ದರವೂ ಗುಟ್ಟಲ್ಲ, ಪತ್ರಿಕೆಯಲ್ಲೇ ಅಚ್ಚಾಗುತ್ತದೆ. ಇಷ್ಟೆಲ್ಲ ಇದ್ದೂ ಲಾಸ್ ಏಂಜಲಿಸ್‌ನ ಏಂಜಲ್ಸ್ ತಂಡ 2011ರ ಜನವರಿಯಲ್ಲಿ ವರ್ನನ್ ವೆಲ್ಸ್ ಅವರನ್ನು ಮನೆಗೆ ಹೊಡೆದುಕೊಂಡು ಬಂದಿತು.

ವೆಲ್ಸ್ ಔಟ್‌ಫೀಲ್ಡರ್. ಅಂದರೆ ಮೈದಾನದ ಅಂಚಿನುದ್ದಕ್ಕೂ ಓಡಿ ಚೆಂಡು ಹಿಡಿಯಬೇಕಾದವರು. ಆಗ ವಯಸ್ಸು 32, ಒಪ್ಪಂದದಲ್ಲಿ ಇನ್ನೂ 4 ವರ್ಷ, 8 ಕೋಟಿ 60 ಲಕ್ಷ ಡಾಲರ್ ಬಾಕಿ. ಆ ಹೊರೆಯನ್ನು ಯಾರ ತಲೆಗೆ ದಾಟಿಸುವುದೆಂದು ಕುಳಿತಿದ್ದ ಟೊರಾಂಟೊದ ಬ್ಲೂ ಜೇಸ್ ತಂಡ 50 ಲಕ್ಷ ಡಾಲರ್ ದಾರಿಖರ್ಚು ಕೊಟ್ಟು ಕಳುಹಿಸಿತು. ಬದಲಿಗೆ ಪಡೆದದ್ದು ಹುವಾನ್ ರಿವೆರಾ ಮತ್ತು ಮೈಕ್ ನಾಪೊಲಿ ಎಂಬ ಇಬ್ಬರನ್ನು. ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂಬ ಗಾದೆ ಅಂದು ತಲೆಕೆಳಗಾಯಿತು.

ನಾಪೊಲಿ ಹಿಂದಿನ ವರ್ಷವಷ್ಟೇ 26 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಹೊಡೆದಿದ್ದರು. ಆದರೆ ಏಂಜಲ್ಸ್ ತರಬೇತುದಾರರಿಗೆ ಅವರ ಕ್ಯಾಚಿಂಗ್, ಅಂದರೆ ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವ ಕೆಲಸ, ರುಚಿಸಲಿಲ್ಲ. ಬ್ಲೂ ಜೇಸ್ ನಾಲ್ಕೇ ದಿನಕ್ಕೆ ಅವರನ್ನು ಟೆಕ್ಸಸ್ ರೇಂಜರ್ಸ್‌ಗೆ ದಾಟಿಸಿತು. ಅಲ್ಲಿ ಅವರ ಬ್ಯಾಟಿಂಗ್ ಸರಾಸರಿ .320, ಅಂದರೆ ನೂರು ಸಲ ಬ್ಯಾಟು ಹಿಡಿದರೆ 32 ಸಲ ಯಶಸ್ವಿ ಹೊಡೆತ; ಹೋಮ್ ರನ್ 30. ತಂಡ ವರ್ಷದ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್‌ಗೆ ಹೋಯಿತು. ರೇಂಜರ್ಸ್ ಏಂಜಲ್ಸ್ ಇರುವ ವಿಭಾಗದ್ದೇ ತಂಡ. ಪಕ್ಕದ ಮನೆಗೇ ಹಾಲು ಕರೆಯುವ ಹಸು! ಇತ್ತ ವೆಲ್ಸ್ ಸರಾಸರಿ .218. ಆ ವರ್ಷ ಮುಗಿಯುವ ಹೊತ್ತಿಗೆ, ಈ ವ್ಯಾಪಾರ ಕುದುರಿಸಿದ ಏಂಜಲ್ಸ್ ಜನರಲ್ ಮ್ಯಾನೇಜರ್ ಕುರ್ಚಿಯೂ ಖಾಲಿಯಾಗಿತ್ತು.

ಇನ್ನೊಂದು ತಮಾಷೆ ಇವರ ಕೊಟ್ಟಿಗೆಯಲ್ಲೇ ಇತ್ತು. ಮೈಕ್ ಟ್ರೌಟ್ ಎಂಬ ಹುಡುಗ ಕಿರಿಯರ ತಂಡದಲ್ಲಿ ಬೆಳೆಯುತ್ತಿದ್ದ. 2012ರಲ್ಲಿ ಐದು ಲಕ್ಷ ಡಾಲರಿಗೂ ಕಡಿಮೆ ಸಂಬಳದಲ್ಲಿ 30 ಹೋಮ್ ರನ್ ಹೊಡೆದ. ಅದೇ ವರ್ಷ 2 ಕೋಟಿ 10 ಲಕ್ಷ ಪಡೆದ ವೆಲ್ಸ್ ಹೆಬ್ಬೆರಳಿನ ಗಾಯ, ಬೆಂಚು ಎಂದು ಕಾಲ ತಳ್ಳಿ 11 ಹೊಡೆದರು. ಅವರನ್ನು ದೂರುವುದು ತರವಲ್ಲ. ಕಣ್ಣು ಮುಚ್ಚಿ ಸಹಿ ಹಾಕಿದ್ದು ಅವರಲ್ಲ.

2013ರ ಮಾರ್ಚಿನಲ್ಲಿ ಏಂಜಲ್ಸ್‌ಗೂ ಗಿರಾಕಿ ಸಿಕ್ಕರು. ಆಟಗಾರರು ಗಾಯಗೊಂಡು ಅರ್ಧ ಆಸ್ಪತ್ರೆಯಂತಾಗಿದ್ದ ನ್ಯೂಯಾರ್ಕ್ ಯಾಂಕೀಸ್ ವೆಲ್ಸ್ ಅವರನ್ನು ಒಪ್ಪಿಕೊಂಡಿತು. ಬಾಕಿ ಇದ್ದ 4 ಕೋಟಿ 20 ಲಕ್ಷದಲ್ಲಿ ಸುಮಾರು 2 ಕೋಟಿ 80 ಲಕ್ಷವನ್ನು ಕೊಡಬೇಕಾದವರು ಏಂಜಲ್ಸ್. ಎತ್ತು ನಿಮ್ಮದು, ಮೇವು ನಮ್ಮದು, ಹೊಲ ಮಾತ್ರ ನಿಮ್ಮದನ್ನೇ ಉಳಲಿ ಎಂಬ ಷರತ್ತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಉಳಿತಾಯವೆಂದು ಹೆಸರು.

ಅಲ್ಲಿ ಸರಾಸರಿ .233, ಹೋಮ್ ರನ್ ಮತ್ತೆ 11. 2014ರ ಜನವರಿಯಲ್ಲಿ ಯಾಂಕೀಸ್ ಕೈಬಿಟ್ಟಿತು. ಆ ವರ್ಷ ವೆಲ್ಸ್ ಯಾವ ತಂಡಕ್ಕೂ ಆಡಲಿಲ್ಲ. 2 ಕೋಟಿ 10 ಲಕ್ಷ ಡಾಲರ್ ಸಂಬಳ ಮಾತ್ರ ಬಂತು, ಬಹುಪಾಲು ಅದೇ ಏಂಜಲ್ಸ್ ಜೇಬಿನಿಂದ.