ನೋಡಲಾಗಿದೆ, ನಂಬಲಾಗಿಲ್ಲ

ಹತ್ತು ದಿನ ಒಂದು ದೇಶ ನೋಡಿಕೊಂಡು ಬರೋಣ ಅಂತ ಮನಸ್ಸಾಯಿತು. ಯಾವ ದೇಶ ಅಂತ ಹೇಳುವುದಿಲ್ಲ. ನಾಳೆ ಮತ್ತೆ ಅವರ ಬಾಗಿಲಿಗೇ ಹೋಗಬೇಕಾದೀತು. ಅರ್ಜಿ ಹಾಕಿದವನು ಎಲ್ಲೆಲ್ಲಿ ಏನೇನು ಬರೆದುಕೊಂಡಿದ್ದಾನೆ ಎಂದು ಜಾಲಾಡುವ ಕಾಲ ಇದು. ಅಮೆರಿಕದ ವೀಸಾ ಅರ್ಜಿಯಲ್ಲಂತೂ 2019ರಿಂದ ಈಚೆಗೆ, ಹಿಂದಿನ ಐದು ವರ್ಷ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರನ್ನೂ ಕೊಡಬೇಕು. ಹಾಗಾಗಿ ಈ ಬರಹದ ಮಟ್ಟಿಗೆ ಎಲ್ಲ ದೇಶಗಳೂ ಒಳ್ಳೆಯವು, ಎಲ್ಲ ವೀಸಾ ಅಧಿಕಾರಿಗಳೂ ದೇವರಂಥವರು. ಕಣ್ಣಿಗೆ ಕಾಣುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಹಾಕಿದ ಕಾಣಿಕೆ ವಾಪಸ್ ಮಾಡುವುದಿಲ್ಲ.

ವೀಸಾ ಎಂಬುದು ಲ್ಯಾಟಿನ್ ಮೂಲದ ಮಾತು. ‘ಚಾರ್ಟಾ ವೀಸಾ’ ಅಂದರೆ ನೋಡಲಾದ ಕಾಗದ. ಅಷ್ಟೇ. ಯಾರೋ ಒಬ್ಬ ಅಧಿಕಾರಿ ಕಾಗದ ನೋಡಿದ, ‘ನೋಡಿದೆ’ ಅಂತ ಗೀಚಿದ, ಪ್ರಯಾಣಿಕ ತನ್ನ ಪಾಡಿಗೆ ಮುಂದೆ ನಡೆದ. ಈಗ ನೋಡಬೇಕಾದ ಕಾಗದ ಒಂದೆರಡಲ್ಲ. ನನ್ನ ಫೈಲಿನಲ್ಲಿ ಎಪ್ಪತ್ತೊಂದು ಹಾಳೆ ಇದ್ದವು. ನನ್ನ ಬಗ್ಗೆ ಇಷ್ಟೊಂದು ಬರವಣಿಗೆ ಆದದ್ದು ಹುಟ್ಟಿದ ಮೇಲೆ ಇದೇ ಮೊದಲು.

ಟಿಕೆಟ್ಟಿನಿಂದಲೇ ಶುರು ಮಾಡೋಣ. ವೀಸಾ ಕೈಗೆ ಬರುವ ಮುಂಚೆ ಟಿಕೆಟ್ ಕೊಳ್ಳಬೇಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಅದರ ಕೆಳಗೇ ಬೇಕಾದ ದಾಖಲೆಗಳ ಪಟ್ಟಿ. ಪಟ್ಟಿಯಲ್ಲಿ, ಹೋಗಿ ಬರುವ ಟಿಕೆಟ್ಟಿನ ಬುಕಿಂಗ್. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಆದರೆ ಈ ಹುಚ್ಚಿಗೂ ಮದ್ದು ಅರೆಯುವವರು ಇದ್ದಾರೆ. ಅವರು ಟಿಕೆಟ್ ಅಲ್ಲದ ಟಿಕೆಟ್ ಮಾಡಿಕೊಡುತ್ತಾರೆ. ಅದರಲ್ಲಿ ವಿಮಾನ ನಿಜ, ಹೊರಡುವ ಹೊತ್ತು ನಿಜ, ನನ್ನ ಹೆಸರು ನಿಜ, ಪ್ರಯಾಣವೊಂದು ಸುಳ್ಳು. ಕೆಲವು ದಿನಕ್ಕೆ ತಾನಾಗಿಯೇ ರದ್ದಾಗುತ್ತದೆ. ಹೋಟೆಲಿನ ಕೋಣೆಯದೂ ಅದೇ ಕತೆ. ಮಾಡಿಕೊಡುವವನಿಗೆ ಗೊತ್ತು, ಸಲ್ಲಿಸುವ ನನಗೆ ಗೊತ್ತು, ನೋಡುವ ಅಧಿಕಾರಿಗೆ ಗೊತ್ತಿಲ್ಲದೇ ಇರುತ್ತದೆಯೇ? ಮೂವರೂ ಸೇರಿ ಈ ನಾಟಕ ಆಡಿ ಮುಗಿಸಿದ ಮೇಲೆ, ಅರ್ಜಿಯ ಕೊನೆಗೆ ‘ಮೇಲೆ ಕೊಟ್ಟ ವಿವರಗಳೆಲ್ಲ ಸತ್ಯ’ ಎಂದು ನಾನೊಬ್ಬನೇ ಸಹಿ ಹಾಕಬೇಕು.

ಇವೆಲ್ಲ ಬಾಲಪಾಠ. ನಿಜವಾದ ಪರೀಕ್ಷೆ ಬೇರೆ ಇದೆ: ನಾನು ವಾಪಸ್ ಬರುತ್ತೇನೆ ಎಂದು ಸಾಬೀತು ಮಾಡಬೇಕು.

ಕಳ್ಳನನ್ನು ಕೋರ್ಟಿಗೆ ತಂದು ನಿಲ್ಲಿಸಿದರೆ, ಆರೋಪ ಸಾಬೀತಾಗುವ ತನಕ ಅವನು ನಿರಪರಾಧಿ. ಪ್ರವಾಸಿಗೆ ಆ ಭಾಗ್ಯವಿಲ್ಲ. ಅಮೆರಿಕದವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದೇ ಇಟ್ಟಿದ್ದಾರೆ. ಅವರ 1952ರ ವಲಸೆ ಕಾಯ್ದೆಯ 214(ಬಿ) ಪ್ರಕಾರ, ಪ್ರವಾಸಕ್ಕೆಂದು ಅರ್ಜಿ ಹಾಕಿದವನು ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಮೊದಲು ಎಣಿಸಬೇಕು. ಹಾಗಲ್ಲ ಎಂದು ಅಧಿಕಾರಿಗೆ ಮನದಟ್ಟು ಮಾಡುವ ಹೊಣೆ ಅರ್ಜಿದಾರನದು. ಉಳಿದ ದೇಶಗಳು ಇಷ್ಟು ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಆದರೆ ನೋಡುವ ನೋಟ ಅದೇ. ಹೋಗುವ ಮುಂಚೆಯೇ, ನಾನು ಹೋದವನು ಬರಲಿಲ್ಲ ಎಂದು ತೀರ್ಮಾನ ಆಗಿಹೋಗಿರುತ್ತದೆ. ಆ ತೀರ್ಮಾನವನ್ನು ನಾನು ಕಾಗದದಲ್ಲಿ ಸೋಲಿಸಬೇಕು.

ಹಾಗಾಗಿ ಮನೆಯ ಪತ್ರ, ಮದುವೆಯ ಪತ್ರ, ಕೆಲಸದ ಪತ್ರ, ರಜೆ ಮಂಜೂರಾದ ಪತ್ರ ಎಲ್ಲ ಹೊಂದಿಸಿದೆ. ಕೆಲಸದ ಪತ್ರದಲ್ಲಿ, ಇವರು ರಜೆ ಮುಗಿಸಿ ಬಂದು ಹಾಜರಾಗುತ್ತಾರೆ ಎಂದು ಮೇಲಧಿಕಾರಿ ಬರೆಯಬೇಕು. ಹದಿನೈದು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡದ ಮನುಷ್ಯ, ‘ಇವರ ಸೇವೆ ನಮ್ಮ ಸಂಸ್ಥೆಗೆ ಅತ್ಯಗತ್ಯ’ ಎಂದು ಬರೆದು ಸೀಲು ಒತ್ತಿದರು. ಅದರದ್ದೊಂದು ಜೆರಾಕ್ಸ್ ತೆಗೆದು ಬೀಗ ಹಾಕಿ ಇಟ್ಟಿದ್ದೇನೆ. ಸಂಬಳ ಹೆಚ್ಚಿಸುವ ಮಾತು ಬಂದಾಗ ಬೇಕಾಗುತ್ತದೆ.

ಇದೆಲ್ಲದರ ಮೇಲೆ ಒಂದು ಕವರಿಂಗ್ ಲೆಟರ್. ನನಗಿಲ್ಲಿ ಮನೆಯಿದೆ, ಮಡದಿ ಇದ್ದಾಳೆ, ವಯಸ್ಸಾದ ತಾಯಿ ಇದ್ದಾರೆ, ಸಂಬಳ ಸಾಕಷ್ಟು ಬರುತ್ತದೆ, ಕೆಲಸ ತೃಪ್ತಿ ಕೊಟ್ಟಿದೆ, ನೆರೆಹೊರೆ ಸೊಗಸು, ಇದನ್ನೆಲ್ಲ ಬಿಟ್ಟು ನಾನು ಹನ್ನೊಂದನೇ ದಿನ ಎಲ್ಲೂ ಇರಲಾರೆ ಎಂದು ಎರಡು ಪುಟ ತುಂಬಿಸಿದೆ. ನಮ್ಮವಳು ಓದಿದಳು. ಕನ್ನಡಕ ತೆಗೆದಳು.

“ರೀ, ಇಷ್ಟೆಲ್ಲ ಚೆನ್ನಾಗಿದೆಯೇನ್ರೀ ನಮಗೆ? ಮತ್ತೆ ಅಲ್ಲಿಗ್ಯಾಕೆ ಹೋಗೋದು?”

ಆ ಪ್ರಶ್ನೆಗೆ ಉತ್ತರ ಬರೆಯಲು ಇನ್ನೊಂದು ಪತ್ರ ಬೇಕು. ಅದರ ಹೆಸರು ‘ಪ್ರಯಾಣದ ಉದ್ದೇಶ’. ಇಲ್ಲಿ ಹದ ತಪ್ಪಬಾರದು. ನೋಡುವ ಆಸೆ ಜಾಸ್ತಿ ಕಂಡರೆ ಅಲ್ಲೇ ಉಳಿದಾನು ಎಂಬ ಸಂಶಯ, ಕಡಿಮೆ ಕಂಡರೆ ಉದ್ದೇಶ ಸ್ಪಷ್ಟವಿಲ್ಲ ಎಂಬ ತಕರಾರು. ಬ್ಯಾಂಕಿನ ಸ್ಟೇಟ್‌ಮೆಂಟಿನದೂ ಇದೇ ಹಗ್ಗದ ಮೇಲಿನ ನಡಿಗೆ. ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಅಲ್ಲಿ ದುಡಿಯಲು ಬರುತ್ತಿದ್ದಾನೆ. ಇದ್ದಕ್ಕಿದ್ದಂತೆ ಬಂದಿದ್ದರೆ ಯಾರದ್ದೋ ಸಾಲ ತಂದು ತೋರಿಸುತ್ತಿದ್ದಾನೆ. ಬಹಳ ಕಾಲದಿಂದ ಬೇಕಾದಷ್ಟು ಇದ್ದರೆ, ಇಷ್ಟು ದಿನ ಯಾಕೆ ಎಲ್ಲೂ ಹೋಗಿಲ್ಲ? ಹಿಂದೆ ವಿದೇಶ ಸುತ್ತಿ ಬಂದವನ ಅರ್ಜಿಗೆ ತೂಕ ಜಾಸ್ತಿಯಂತೆ. ಮೊದಲ ಸಲ ಹೊರಟವನು ಏನು ಮಾಡಬೇಕೋ. ಈಜು ಬಂದ ಮೇಲೆ ನೀರಿಗಿಳಿ ಅಂದ ಹಾಗಾಯಿತು.

ಫೋಟೋಕ್ಕೆ ಬರೋಣ. ಮುಖ ಒಂದೇ ಆದರೂ ದೇಶಕ್ಕೊಂದು ಅಳತೆ. ಯುರೋಪಿನವರಿಗೆ ನಾನು 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದ. ಅಮೆರಿಕದವರಿಗೆ ಎರಡಿಂಚು ಚೌಕ, ಅದೂ 2016ರ ನವೆಂಬರ್‌ನಿಂದ ಕನ್ನಡಕ ಇಲ್ಲದೆ. ಕನ್ನಡಕ ತೆಗೆದರೆ ನನ್ನನ್ನು ನಾನೇ ಗುರುತಿಸಲಾರೆ, ಅವರು ಗುರುತಿಸುತ್ತಾರಂತೆ. ಸ್ಟುಡಿಯೋ ಹುಡುಗ ಕ್ಯಾಮೆರಾ ಹಿಂದಿನಿಂದ, “ಸಾರ್, ನಗಬೇಡಿ” ಅಂದ. ನಾನು ನಗುತ್ತಿರಲಿಲ್ಲ. ನನ್ನ ಬಾಯಿ ಇರುವುದೇ ಹಾಗೆ. “ಇನ್ನೂ ಸ್ವಲ್ಪ ಇದೆ ಸಾರ್, ಎಡಗಡೆ ತುದಿ ಮೇಲೆದ್ದಿದೆ” ಅಂದ. ಏಳು ಸಲ ಕ್ಲಿಕ್ಕಿಸಿದ. ಕೊನೆಗೆ ನಾನು ಅರ್ಜಿಯ ಶುಲ್ಕ ನೆನೆಸಿಕೊಂಡೆ. “ಹಾಂ, ಸರಿಹೋಯ್ತು ಸಾರ್!”

ಆ ಶುಲ್ಕ ಪ್ರವೇಶಕ್ಕಲ್ಲ, ಅರ್ಜಿ ನೋಡುವುದಕ್ಕೆ. ಇಲ್ಲ ಎಂದರೂ ಹಣ ವಾಪಸ್ ಇಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ‘ಇಲ್ಲ’ ಅನ್ನುವುದರ ಖರ್ಚೂ ಹೆಚ್ಚಿರಬೇಕು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಮಾಡಿಸಬೇಕು. ಅಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು, ಸತ್ತರೆ ದೇಹ ವಾಪಸ್ ತರುವ ಖರ್ಚು, ಎರಡೂ ಅದರಲ್ಲೇ. ನೋಡಿ, ಯಾವ ಸ್ಥಿತಿಯಲ್ಲಾದರೂ ಸರಿ, ವಾಪಸ್ ಬರುವುದಂತೂ ಮುಖ್ಯ.

ಇನ್ನು ಪ್ರಶ್ನೆಗಳು. ಅಮೆರಿಕದ ಅರ್ಜಿಯಲ್ಲಿ ಸುರಕ್ಷತೆಯ ಪ್ರಶ್ನೆಗಳಿಗೆಂದೇ ಪುಟಗಳಿವೆ. ನೀವು ಬೇಹುಗಾರಿಕೆ ಮಾಡುವ ಉದ್ದೇಶದಿಂದ ಬರುತ್ತಿದ್ದೀರಾ? ಭಯೋತ್ಪಾದನೆಯಲ್ಲಿ ತೊಡಗುವ ವಿಚಾರವಿದೆಯೇ? ಎಂದಾದರೂ ನರಮೇಧದಲ್ಲಿ ಭಾಗವಹಿಸಿದ್ದೀರಾ? ಹೌದು ಅಥವಾ ಇಲ್ಲ. ‘ನೆನಪಿಲ್ಲ’ ಎಂಬ ಆಯ್ಕೆ ಇಲ್ಲ. ಇಂಥ ಪ್ರಶ್ನೆಗಳಿಗೆ ಹೌದೆಂದು ಒತ್ತುವ ಪ್ರಾಮಾಣಿಕ ಬೇಹುಗಾರನಿಗಾಗಿ ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದಾರೋ. ತಿಳಿದವರು ಇದರ ಗುಟ್ಟು ಬೇರೆ ಅನ್ನುತ್ತಾರೆ: ಮುಂದೆಂದೋ ಸಿಕ್ಕಿಬಿದ್ದರೆ, ಅಪರಾಧ ಸಾಬೀತು ಮಾಡುವ ತಾಪತ್ರಯ ಬೇಡ, ಅರ್ಜಿಯಲ್ಲಿ ಸುಳ್ಳು ಹೇಳಿದ್ದೇ ಹೊರಗಟ್ಟಲು ಸಾಕು. ಜಾಣತನವೇ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಕಣ್ಣು ತೂಗುತ್ತಿರುವಾಗ, ಮೌಸಿನ ಒಂದು ತಪ್ಪು ಒತ್ತಿನಿಂದ ಯುದ್ಧಾಪರಾಧಿಯಾಗುವ ಭಯ ಏನೆಂದು ಒತ್ತಿದವನಿಗೇ ಗೊತ್ತು. ನಾನು ಪ್ರತಿ ‘ಇಲ್ಲ’ವನ್ನೂ ಎರಡೆರಡು ಸಲ ನೋಡಿದೆ.

ಕಾಗದ ಕೊಡಲು ಹೋದದ್ದು ವೀಸಾ ಕೇಂದ್ರಕ್ಕೆ. ಅದು ದೂತಾವಾಸವಲ್ಲ. ದೂತಾವಾಸದ ಪರವಾಗಿ ಕಾಗದ ಈಸಿಕೊಳ್ಳುವ ಖಾಸಗಿ ಕಂಪನಿ. ನಿರ್ಧಾರದಲ್ಲಿ ನಮ್ಮ ಪಾತ್ರವಿಲ್ಲ ಎಂದು ನಾಲ್ಕು ಗೋಡೆಗಳಲ್ಲೂ ಹಾಕಿದ್ದರು. ಪಾತ್ರವಿಲ್ಲದವರ ಬಳಿ ಸೇವೆಗಳು ಮಾತ್ರ ಹೇರಳ. ಮೆಸೇಜ್ ಬರಬೇಕೆಂದರೆ ಅದಕ್ಕೊಂದು ದರ, ಪಾಸ್‌ಪೋರ್ಟ್ ಮನೆಗೆ ಬರಬೇಕೆಂದರೆ ಅದಕ್ಕೊಂದು ದರ, ಸೋಫಾದ ಮೇಲೆ ಕೂತು ಕಾಗದ ಕೊಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ದರ. ಸೋಫಾಕ್ಕೂ ವೀಸಾಕ್ಕೂ ಸಂಬಂಧವಿಲ್ಲ ಎಂಬುದನ್ನೂ ಸಣ್ಣಕ್ಷರದಲ್ಲಿ ಬರೆದಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.

ಹತ್ತೂ ಬೆರಳಿನ ಗುರುತು ಕೊಡಬೇಕು. ಒಂಬತ್ತು ಬೆರಳು ಒಪ್ಪಿದವು. ಬಲಗೈ ಹೆಬ್ಬೆರಳು ಮಾತ್ರ ಗಾಜಿನ ಮೇಲೆ ಇಟ್ಟಾಗಲೆಲ್ಲ ಯಂತ್ರ ಕೆಂಪಗಾಗುತ್ತಿತ್ತು. “ಒರೆಸಿಕೊಳ್ಳಿ ಸಾರ್” ಅಂದಳು ಕೌಂಟರಿನ ಹುಡುಗಿ. ಒರೆಸಿದೆ. “ಗಟ್ಟಿಯಾಗಿ ಒತ್ತಿ.” ಒತ್ತಿದೆ. “ಅಷ್ಟು ಒತ್ತಬೇಡಿ.” ಕೊನೆಗೆ ಅವಳೇ ನನ್ನ ಹೆಬ್ಬೆರಳು ಹಿಡಿದು, ಅಕ್ಷರಾಭ್ಯಾಸ ಮಾಡಿಸುವವಳ ಹಾಗೆ ಗಾಜಿನ ಮೇಲಿಟ್ಟು ಅದುಮಿದಳು. ಹಸಿರು ಬಂತು. ಅಷ್ಟೊತ್ತಿಗೆ, ನಾನು ನಾನೇ ಹೌದೋ ಅಲ್ಲವೋ ಎಂಬ ಸಣ್ಣ ಅನುಮಾನ ನನಗೂ ಬಂದಿತ್ತು.

ಇದೆಲ್ಲ ಒಂದು ಕಾಲಕ್ಕೆ ತಾತ್ಕಾಲಿಕ ಏರ್ಪಾಡಾಗಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಹೆಚ್ಚಿನ ಕಡೆ ಪಾಸ್‌ಪೋರ್ಟೇ ಇಲ್ಲದೆ ಓಡಾಡಬಹುದಿತ್ತು. ಯುದ್ಧ ಬಂತು, ಗೇಟು ಬಿತ್ತು. 1920ರಲ್ಲಿ, ಈಗಿನ ವಿಶ್ವಸಂಸ್ಥೆಗೆ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್ ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿ, ಹಳೆಯ ದಿನಗಳು ಮರಳುವ ತನಕ ಇರಲಿ ಎಂದು 32 ಪುಟದ ಪಾಸ್‌ಪೋರ್ಟ್ ಪುಸ್ತಕದ ಮಾದರಿ ಗೊತ್ತುಮಾಡಿತು. ನೂರು ವರ್ಷ ದಾಟಿತು. ಬಂದವರು ಹೇಳಿದ ದಿನಕ್ಕೆ ಹೊರಡುವುದಿಲ್ಲ ಎಂದು ಸರ್ಕಾರಗಳಿಗೆ ಯಾಕಷ್ಟು ಅನುಮಾನ ಅಂದರೆ, ಅವರದೇ ಕಾನೂನುಗಳ ಅನುಭವ ಇರಬೇಕು.

ಷೆಂಗೆನ್ನಿನ ಕತೆಯಂತೂ ಇನ್ನೂ ಚೆಂದ. ಅದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಐದು ದೇಶದವರು ಅಲ್ಲಿ ಮೊಸೆಲ್ ನದಿಯಲ್ಲಿ ಹಡಗಿನ ಮೇಲೆ ಕೂತು, ನಮ್ಮ ನಮ್ಮ ನಡುವಿನ ಗಡಿ ತಪಾಸಣೆ ತೆಗೆಯೋಣ ಎಂದು ಸಹಿ ಹಾಕಿದರು. ನೀರಿನ ಮೇಲೆ ಬರೆದದ್ದು ನಿಲ್ಲುವುದಿಲ್ಲ ಅನ್ನುತ್ತಾರೆ. ಇದು ನಿಂತಿತು, 29 ದೇಶಗಳಿಗೆ ಹಬ್ಬಿತು. ಒಳಗಿನವರಿಗೆ ಆ ಊರಿನ ಹೆಸರು ಅಂದರೆ ತೆರೆದ ಬಾಗಿಲು. ಹೊರಗಿನವರಿಗೆ ಅದೇ ಹೆಸರು ಬಾಗಿಲಿನ ಚಿಲಕ. ಚಿಲಕ ತೆಗೆದು ಒಳಗೆ ಬಿಟ್ಟರೂ, ಯಾವುದೇ 180 ದಿನದಲ್ಲಿ 90 ದಿನ ಮೀರುವಂತಿಲ್ಲ. ಅಲ್ಲಿರುವ ಪ್ರತಿ ದಿನವೂ ಹಿಂದಿನ ಆರು ತಿಂಗಳು ತಿರುಗಿ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ಈ ಲೆಕ್ಕ ಎಷ್ಟು ಸರಳ ಅಂದರೆ, ಅದನ್ನು ಮಾಡಲು ಯುರೋಪಿಯನ್ ಒಕ್ಕೂಟವೇ ಒಂದು ಕ್ಯಾಲ್ಕುಲೇಟರ್ ಇಟ್ಟಿದೆ. ಅಷ್ಟಾಗಿ, ವೀಸಾ ಇದೆ ಅಂದ ಮಾತ್ರಕ್ಕೆ ಪ್ರವೇಶ ಖಾತರಿಯಲ್ಲ. ಗಡಿಯಲ್ಲಿ ಕೂತವನು ಬೇಡ ಅಂದರೆ ಬೇಡ.

ನನಗೆ ಅಲ್ಲಿಯವರೆಗೆ ಹೋಗುವ ತೊಂದರೆ ಬರಲಿಲ್ಲ. ಹತ್ತೊಂಬತ್ತನೇ ದಿನ ಲಕೋಟೆ ಬಂತು. ಬಿಸಿಲು ಬೀಳುವ ಕಿಟಕಿಯ ಪಕ್ಕ ನನ್ನ ಮಾಮೂಲಿ ಕುರ್ಚಿಯಲ್ಲಿ ಕೂತು, ಅಂಟು ಬಿಡಿಸಿದೆ. ಪಾಸ್‌ಪೋರ್ಟ್ ಹಾಳೆಗಳು ಹೋದ ಹಾಗೇ ಬಂದಿದ್ದವು. ಜೊತೆಗೆ ಅಚ್ಚಿನ ಒಂದು ನಮೂನೆ. ಕಾರಣಗಳೆಲ್ಲ ಮೊದಲೇ ಮುದ್ರಿಸಿವೆ, ತಕ್ಕದ್ದರ ಮುಂದೆ ಗುರುತು ಹಾಕಿದರೆ ಆಯಿತು. ನನ್ನದರಲ್ಲಿ ಗುರುತು ಬಿದ್ದಿದ್ದ ಸಾಲು ಹೇಳಿತು: ನೀವು ಹಿಂದಿರುಗುವ ಬಗ್ಗೆ ಸಮಂಜಸ ಸಂದೇಹಗಳಿವೆ.

ನಾನಿನ್ನೂ ಕುರ್ಚಿಯಿಂದ ಎದ್ದೇ ಇರಲಿಲ್ಲ.

“ಬಿಡಿ, ಬೇರೆ ದೇಶಕ್ಕೆ ಹಾಕೋಣ” ಅಂದಳು ನಮ್ಮವಳು. ಅದೇ ಎಪ್ಪತ್ತೊಂದು ಹಾಳೆ, ಅದೇ ಮೇಲಧಿಕಾರಿಗೆ ಅತ್ಯಗತ್ಯನಾದ ನಾನು. ರಾತ್ರಿ ಊಟ ಮುಗಿಸಿ ಹೊಸ ಅರ್ಜಿ ತೆರೆದೆ. ಹೆಸರು, ಹುಟ್ಟಿದ ದಿನ ಎಲ್ಲ ಸಲೀಸಾಗಿ ಸಾಗಿತು. ಆಮೇಲೆ ಒಂದು ಪ್ರಶ್ನೆ: ಯಾವುದಾದರೂ ದೇಶ ನಿಮಗೆ ಹಿಂದೆ ವೀಸಾ ನಿರಾಕರಿಸಿದೆಯೇ? ಹೌದು ಅಂದೆ. ಒಂದು ಪುಟ್ಟ ಚೌಕ ತೆರೆದುಕೊಂಡಿತು: ಯಾಕೆ ನಿರಾಕರಿಸಿದರು, ವಿವರಿಸಿ.

ಯಾಕೆ ನಿರಾಕರಿಸಿದರು? ಅವರನ್ನು ಕೇಳಬೇಕಾದ ಪ್ರಶ್ನೆ ನನ್ನ ತಲೆಗೆ ಬಂದಿತ್ತು. ‘ನಾನು ವಾಪಸ್ ಬರುವುದಿಲ್ಲ ಎಂದು ಅವರಿಗೆ ಅನ್ನಿಸಿತು’ ಎಂದು ಬರೆದರೆ ಇವರಿಗೂ ಅನ್ನಿಸಬಹುದು. ‘ತಪ್ಪು ತಿಳಿದುಕೊಂಡರು’ ಎಂದರೆ ಉದ್ಧಟತನ. ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತ ಕೂತೆ. ಕಣ್ಣೆತ್ತುವಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು. ಈ ಪುಟದಲ್ಲಿ ಇರಲು ಕೊಟ್ಟಿದ್ದ ಅವಧಿ ಮೀರಿದೆ, ಆದ್ದರಿಂದ ನಿಮ್ಮನ್ನು ಹೊರಗೆ ಕಳಿಸಲಾಗಿದೆ ಎಂದು ನಡುವೆ ಒಂದು ಸಾಲು.

“ಏನಂತೆ?” ಅಂತ ಒಳಗಿನಿಂದ ಕೇಳಿದಳು.

“ಹೊರಡು ಅಂದ ಹೊತ್ತಿಗೆ ಹೊರಡಲಿಲ್ಲವಂತೆ” ಅಂದೆ.