ಲೈಕ್ ಎಲ್ಲರದ್ದು, ಬುಕಿಂಗ್ ಯಾರದ್ದೂ ಇಲ್ಲ

ಹಿಂದಿನ ಚಕ್ರಕ್ಕೆ ಪವರ್ ಹೋಗೋ, ಬಾನೆಟ್ ಒಳಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಗುರ್ ಅನ್ನೋ ಸೆಡಾನು ಮಾರ್ಕೆಟ್ಟಲ್ಲಿ ಓಡುತ್ತಾ ಅಂತ ಕೇಳಿ ನೋಡಿ, ಕಾರ್ ಹುಚ್ಚರೆಲ್ಲ ಎದ್ದು ನಿಂತು ಓಡದೆ ಏನು ಸಾರ್, ಕಂಪನಿಯೋರಿಗೆ ಧೈರ್ಯ ಇಲ್ಲ ಅಷ್ಟೆ ಅಂತಾರೆ. ಸರಿ, ಯಾವುದೋ ಕಂಪನಿ ಧೈರ್ಯ ಮಾಡ್ತು ಅನ್ಕೊಳ್ಳಿ, ಇದೇ ಜನ ಶೋರೂಮಿಗೆ ಹೋಗಿ ಟೆಸ್ಟ್ ಡ್ರೈವ್ ಮುಗಿಸಿ, ಸೆಲ್ಫಿ ಹೊಡ್ಕೊಂಡು, ಬ್ರೋಷರ್ ಕಂಕುಳಲ್ಲಿ ಇಟ್ಕೊಂಡು, ಪಕ್ಕದ ಶೋರೂಮಲ್ಲಿ ಎಸ್‌ಯುವಿ ಬುಕ್ ಮಾಡಿ ಮನೆಗೆ ಬರ್ತಾರೆ. ಯಾಕಪ್ಪಾ ಅಂದ್ರೆ "ಫ್ಯಾಮಿಲಿ ಸಾರ್, ಇದನ್ನ ಐದು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ತಗೋತೀನಿ". ಅಲ್ಲ ಮಾರಾಯ, ಐದು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ಸಿಗಬೇಕು ಅಂದ್ರೆ ಇವತ್ತು ಯಾವನಾದ್ರೂ ಫಸ್ಟ್ ಹ್ಯಾಂಡ್ ತಗೋಬೇಕಲ್ವಾ!

ಪಾಪ ಜನರಲ್ ಮೋಟಾರ್ಸ್, ಇವರ ಮಾತು ನಂಬಿ ಎರಡೆರಡು ಸಲ ಬಾವಿಗೆ ಬಿತ್ತು. 2008ರಲ್ಲಿ ತನ್ನದೇ ಆಸ್ಟ್ರೇಲಿಯಾ ಕಂಪನಿ ಹೋಲ್ಡನ್ನಿನ ಕಮೊಡೋರ್ ಕಾರಿಗೆ ಪಾಂಟಿಯಾಕ್ ಜಿ8 ಅಂತ ಹೆಸರಿಟ್ಟು ಹಡಗು ಹತ್ತಿಸಿ ಅಮೆರಿಕಕ್ಕೆ ತಂದ್ರು, ಜಿಟಿ ಮಾಡೆಲ್ಲಿಗೆ 6 ಲೀಟರ್ ವಿ8, 361 ಹಾರ್ಸ್‌ಪವರ್. ಮುಹೂರ್ತ ನೋಡಿ, ಪೆಟ್ರೋಲ್ ರೇಟು ಆಕಾಶಕ್ಕೆ ಹೋಗಿ ಬ್ಯಾಂಕುಗಳು ಮಕಾಡೆ ಮಲಗಿದ ವರ್ಷ. ಮುಂದಿನ ವರ್ಷ ಕಂಪನಿಯೇ ದಿವಾಳಿ ಕೋರ್ಟಲ್ಲಿ, ಪಾಂಟಿಯಾಕ್ ಬ್ರ್ಯಾಂಡಿಗೇ ಬೀಗ. ಬುದ್ಧಿ ಬಂತಾ? ಎಲ್ಲಿ ಬಂತು, ಅದೇ ವಂಶದ ಕಾರನ್ನ 2014ರ ಮಾಡೆಲ್ ಶೆವ್ರೊಲೆ ಎಸ್‌ಎಸ್ ಅಂತ ಮತ್ತೆ ಇಳಿಸಿದ್ರು, ಈ ಸಲ 415 ಹಾರ್ಸ್‌ಪವರ್, ಮುಖ ಮಾತ್ರ ಬಾಡಿಗೆ ಕಾರಿನದ್ದು. ಜಾಹೀರಾತೂ ಕಾಣಲಿಲ್ಲ, ಗುಟ್ಟನ್ನ ಎಷ್ಟು ಚೆನ್ನಾಗಿ ಕಾಪಾಡಿದ್ರು ಅಂದ್ರೆ ಗಿರಾಕಿಗಳಿಗೂ ಗೊತ್ತಾಗಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಎಲಿಜಬೆತ್ ಫ್ಯಾಕ್ಟರಿ ಮುಚ್ಚಿತು, ಕಾರೂ ಮುಗೀತು. ಮುಗಿದ ಮೇಲೆ ಶುರುವಾಯ್ತು ನೋಡಿ ಪ್ರೀತಿ, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಹಿಂದಿನ ಚಕ್ರದ್ದೇ ಇನ್ನೊಂದು ಕಾರು, ಕಿಯಾ ಸ್ಟಿಂಗರ್ ಕಥೆನೂ ಹೆಚ್ಚು ಕಡಿಮೆ ಇದೇ, 2017ರಲ್ಲಿ ಹುಟ್ಟಿತು, 2023ರಲ್ಲಿ ಹೋಯ್ತು, ಹೊಗಳಿಕೆಗೇನೂ ಬರ ಇರಲಿಲ್ಲ. (ನಾನೂ ಅದನ್ನ ಹೊಗಳೋ ವಿಡಿಯೋಗಳನ್ನೆಲ್ಲ ನೋಡಿದೀನಿ, ಲೈಕೂ ಕೊಟ್ಟಿದೀನಿ, ನನ್ನ ಕೊಡುಗೆ ಅಷ್ಟೆ.)

ಕಾರಲ್ಲಿ ದೋಷ ಇಲ್ಲ ಅಂತಲ್ಲ. ಮುಂದಿರೋ ಎಂಜಿನ್ನಿಂದ ಹಿಂದಿನ ಚಕ್ರಕ್ಕೆ ಪವರ್ ಹೋಗೋಕೆ ಉದ್ದದ ಶಾಫ್ಟ್ ಬೇಕು, ಶಾಫ್ಟಿಗೆ ಜಾಗ ಬೇಕು ಅಂತ ಫ್ಲೋರ್ ಮಧ್ಯೆ ಒಂದು ದಿಬ್ಬ ಏಳುತ್ತೆ, ಆ ದಿಬ್ಬದ ಆಕಡೆ ಒಂದು ಈಕಡೆ ಒಂದು ಕಾಲಿಟ್ಕೊಂಡು ಹಿಂದಿನ ಸೀಟಿನ ನಡುವೆ ಕೂತೋನಿಗೆ, ಆಕ್ಸಿಲರೇಟರ್ ಒತ್ತಿದಾಗ ತೂಕ ಹಿಂದಕ್ಕೆ ಹೋಗಿ ಗ್ರಿಪ್ ಸಿಗುತ್ತೆ, ಸ್ಟೀರಿಂಗ್ ಪರಿಶುದ್ಧವಾಗಿ ಇರುತ್ತೆ ಅಂತ ಉಪದೇಶ ಮಾಡಿ ನೋಡಿ, ಏನಂತಾನೆ ಅಂತ. ಬಿಎಂಡಬ್ಲ್ಯುನವರಿಗೆ ಇದು ಮೊದಲೇ ಹೊಳೆದಿತ್ತು. 1 ಸೀರೀಸ್ ಹ್ಯಾಚ್‌ಬ್ಯಾಕ್ ಓಡಿಸೋರಲ್ಲಿ ಬಹಳ ಜನಕ್ಕೆ ಎಂಜಿನ್ನು ತಮ್ಮ ಕಾರಿನ ಯಾವ ಚಕ್ರ ತಿರುಗಿಸುತ್ತೆ ಅನ್ನೋದೇ ಗೊತ್ತಿಲ್ಲ ಅಂತ ಅವರೇ ಹೇಳಿದ್ರು, 2019ರಲ್ಲಿ ಅದನ್ನ ಮುಂದಿನ ಚಕ್ರಕ್ಕೆ ಬದಲಾಯಿಸಿಯೂ ಬಿಟ್ರು. ಅದನ್ನ ಯಾವತ್ತೂ ಕೊಳ್ಳದೇ ಇದ್ದೋರೇ ಜಾಸ್ತಿ ಅತ್ತಿದ್ದು.

ತಮಾಷೆ ಏನು ಗೊತ್ತಾ, ಪವರ್‌ಫುಲ್ ರಿಯರ್ ವ್ಹೀಲ್ ಡ್ರೈವ್ ಸೆಡಾನು ಗೆದ್ದಾಗಿದೆ. ಎಲೆಕ್ಟ್ರಿಕ್ ಕಾರು ಟೆಸ್ಲಾ ಮಾಡೆಲ್ 3, ನಾಲ್ಕೂ ಚಕ್ರಕ್ಕೆ ಪವರ್ ಬೇಡ ಅಂದೋರಿಗೆ ಹಿಂದಿನ ಚಕ್ರದ್ದೇ ಕೊಡೋದು, ಲಕ್ಷಗಟ್ಟಲೆ ಹೋಗಿದೆ. ನಮ್ಮ ಹುಚ್ಚರ ಹತ್ರ ಹೇಳಿ, ಮುಖ ಸಿಂಡರಿಸಿ "ಅದು ಕಾರಾ ಸಾರ್, ಸೌಂಡೇ ಇಲ್ಲ" ಅಂತಾರೆ. ಈ ಸೌಂಡಿನ ಗೋಳು ಕೇಳಿ ಕೇಳಿ ಡಾಡ್ಜ್ ಕಂಪನಿಯೋರು ಚಾರ್ಜರ್ ಅನ್ನೋ ತಮ್ಮ ಕಾರನ್ನ ಎಲೆಕ್ಟ್ರಿಕ್ ಮಾಡಿದಾಗ ಸೈಲೆನ್ಸರ್ ಸೌಂಡಿಗೆ ಅಂತಾನೇ ಸ್ಪೀಕರ್ ಕೂರಿಸಿದ್ರು. ಈಗ ಅದಕ್ಕೂ ತಕರಾರು.

"ನಕಲಿ ಸಾರ್ ಅದು, ನಮಗೆ ಅಸಲಿ ವಿ8 ಬೇಕು."

ಮಾಡಿಕೊಟ್ರೆ ತಗೋತೀಯಾ?

"ತಗೋತೀನಿ ಸಾರ್. ಐದು ವರ್ಷ ಆಗ್ಲಿ."