ಡಬ್ಬಿಯಲ್ಲಿ ಉಳಿದ ಒಳ್ಳೆಮೆಣಸು

ನಮ್ಮ ಬದಿಯಡ್ಕದ ಕಡೆ ಚಳಿ ಎಂದರೆ ಏನೂ ಅಲ್ಲ. ಆದರೂ ಧನು ತಿಂಗಳ ಬೆಳಗ್ಗೆ ತೆಂಗಿನೆಣ್ಣೆಗೆ ಮಾತ್ರ ತಡೆಯುವುದಿಲ್ಲ. 24 ಡಿಗ್ರಿಯ ಹತ್ತಿರ ಇಳಿಯಿತೋ, ಬೆಳ್ಳಗೆ ಗಟ್ಟಿಯಾಗಿ ಕೂತುಬಿಡುತ್ತದೆ.

ಅವತ್ತು ತಂಗಿಯ ಮಗಳಿಗೆ ಶಾಲೆಗೆ ಹೊತ್ತಾಗಿತ್ತು. ನಾಲ್ಕನೇ ಕ್ಲಾಸು, ಕನ್ನಡ ಮಾಧ್ಯಮ. ತಲೆ ಬಾಚಬೇಕು, ಬಾಟಲಿ ಬೋರಲು ಹಾಕಿದರೆ ಒಂದು ಹನಿಯೂ ಬೀಳಲೊಲ್ಲದು. ನಾನು ಹಿಡಿಸೂಡಿ ಕಡ್ಡಿ ತೂರಿಸಿದೆ. ಕಡ್ಡಿ ಒಳಗೇ ಮುರಿಯಿತು.

"ಮಾವ, ಬಿಸಿ ಮಾಡಿದರೆ ದ್ರವ ಆಗ್ತದೆ. ಪಾಠದಲ್ಲಿ ಉಂಟು" ಅಂದಳು.

ಪಾಠದಲ್ಲಿ ಇದ್ದ ಮೇಲೆ ಮುಗಿಯಿತಲ್ವಾ? ಬಚ್ಚಲೊಲೆಯ ಕಟ್ಟೆ ಮೇಲೆ ಬಾಟಲಿ ಇಟ್ಟೆ. ಅಷ್ಟರಲ್ಲಿ ಅಡಿಕೆ ವ್ಯಾಪಾರಿಯ ಫೋನು ಬಂತು. ಅಡಿಕೆ ರೇಟಿನ ಮಾತು ಬೇಗ ಮುಗಿಯುವಂಥದ್ದಾ? ತಿರುಗಿ ಬರುವಾಗ ಎಣ್ಣೆ ಕರಗಿತ್ತು. ಜೊತೆಗೆ ಪ್ಲಾಸ್ಟಿಕ್ ಬಾಟಲಿಯೂ ಸೊಂಟ ಬಗ್ಗಿಸಿ ಮಲಗಿತ್ತು. ಅರ್ಧ ಎಣ್ಣೆ ಬಚ್ಚಲಲ್ಲಿ, ಉಳಿದದ್ದು ಕೆಂಡಕ್ಕೆ. ಮನೆಯಿಡೀ ಹೊಗೆ. ಎತ್ತಲು ಓಡಿದವನು ಜಾರಿ ಹಂಡೆ ಹಿಡಿದೆ. ಹಂಡೆ ಬಿಸಿಯಾಗಿತ್ತು ಅಂತ ಬೇರೆ ಹೇಳಬೇಕಾ?

ಹುಡುಗಿ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು. "ಎಣ್ಣೆ ಕರಗಿದ್ದು ಭೌತಿಕ ಬದಲಾವಣೆ. ಬಾಟಲಿ ಬಗ್ಗಿದ್ದೂ ಅದೇ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ ಅಲ್ವಾ. ಉರಿದ ಎಣ್ಣೆ ಮಾತ್ರ ರಾಸಾಯನಿಕ, ಅದು ವಾಪಸ್ ಬರುವುದಿಲ್ಲ."

"ಎಣ್ಣೆಯ ದುಡ್ಡೂ ವಾಪಸ್ ಬರುವುದಿಲ್ಲ" ಅಂದಳು ಒಳಗಿಂದ ಅಮ್ಮ.

ನನಗೆ ಅಲ್ಲಿಗೆ ಸಾಕಾಗಬೇಕಿತ್ತು. ಆದರೆ ಸೋದರಮಾವ ಎಂಬ ಜಂಬ ಬಿಡಬೇಕಲ್ಲ. ಆ ವಾರವೇ ಮಂಜುಗಡ್ಡೆ ತೋರಿಸುತ್ತೇನೆ ಅಂತ ಶರಬತ್ತಿನ ಗಾಜಿನ ಬಾಟಲಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು ಫ್ರೀಜರಲ್ಲಿ ಇಟ್ಟೆ. ಹೆಚ್ಚಿನ ವಸ್ತುಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರಿನದು ಉಲ್ಟಾ ಬುದ್ಧಿ, ಸುಮಾರು 9 ಶೇಕಡಾ ಹಿಗ್ಗುತ್ತದೆ. ಮರುದಿನ ಗಾಜೆಲ್ಲ ಚೂರು, ಒಳಗೆ ಬಾಟಲಿಯದೇ ಆಕಾರದ ಮಂಜು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ತಂಗಿಗೆ ಹಾಗೆ ಕಾಣಲಿಲ್ಲ.

ಕೊನೆಗೆ ಉಳಿದದ್ದು ಕರ್ಪೂರ. ಘನದಿಂದ ನೀರಾಗದೆ ಸೀದಾ ಗಾಳಿಯಾಗುವ ವಸ್ತು. ಇದರಲ್ಲಿ ಒಲೆ ಇಲ್ಲ, ಗಾಜಿಲ್ಲ. ದೇವರ ಕೋಣೆಯ ಡಬ್ಬಿಯ ಮುಚ್ಚಳ ತೆಗೆದು, ಕಿಟಕಿಯಲ್ಲಿ ಗಾಳಿಗೆ ಇಟ್ಟು, "ದಿನಾ ನೋಡು, ಸಣ್ಣದಾಗುತ್ತಾ ಬರುತ್ತದೆ" ಅಂದೆ. ಅವಳು ಎರಡು ದಿನ ನೋಡಿದಳು. ನಾನು ಅದೂ ನೋಡಲಿಲ್ಲ. ಆಮೇಲೆ ಇಬ್ಬರಿಗೂ ಮರೆತೇ ಹೋಯಿತು.

ಕೆಲವು ವಾರ ಕಳೆದು ಒಂದು ಶುಕ್ರವಾರ ರಾತ್ರಿ ಪೂಜೆ. ನೆಂಟರೆಲ್ಲ ಕೈಮುಗಿದು ನಿಂತಿದ್ದಾರೆ. ಅಮ್ಮ ಡಬ್ಬಿಗೆ ಕೈಹಾಕಿದಳು. ಕರ್ಪೂರ ಆವಿಯಾಗದಿರಲಿ ಅಂತ ಅವಳೇ ಹಾಕಿಟ್ಟ ನಾಲ್ಕು ಒಳ್ಳೆಮೆಣಸಿನ ಕಾಳು ಮಾತ್ರ ಕೈಗೆ ಬಂತು.

"ಎಂತದು ಮಾರಾಯ ಇದು? ಒಳ್ಳೆಮೆಣಸಿಗೆ ಆರತಿ ಮಾಡಲಾ?"

ನಾನು ಮಾತಾಡಲಿಲ್ಲ. ಹುಡುಗಿ ಕಿಟಕಿ ಕಡೆ ಕೈತೋರಿಸಿ ಅಂದಳು: "ಅಜ್ಜಿ, ಕರ್ಪೂರ ಹಾಳಾಗಲಿಲ್ಲ. ಇಲ್ಲೇ ಎಲ್ಲೋ ಉಂಟು. ಅನಿಲ ಆಗಿದೆ, ಅಷ್ಟೇ."